ಅರವತ್ತು ದಾಟಿದ ಮೇಲೆ ಸಿಕ್ಕ ತೂತು

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಕಾಲಕ್ಕೆ ತುಂಬಿದ ಕೊಡ ಹೊತ್ತು ಸರಸರ ಬರುತ್ತಿದ್ದ ಅಮ್ಮ, ಈಗ ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ. ಆಗಾಗ ಎದೆ ಢವಢವ ಅನ್ನುತ್ತದೆ. ಸಂಜೆಗೆ ಪಾದ ಊದುತ್ತದೆ. ‘ವಯಸ್ಸಾಯ್ತಲ್ವಾ’ ಅಂತ ಅವರೂ ಸುಮ್ನಾಗುತ್ತಾರೆ, ಮನೆಯವರೂ ಸುಮ್ನಾಗುತ್ತಾರೆ. ದಯವಿಟ್ಟು ಸುಮ್ನಾಗಬೇಡಿ. ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ. ಕೆಲವರಿಗೆ ಆಗಲೇ ಗೊತ್ತಾಗುವುದು, ಹೃದಯದಲ್ಲಿ ಹುಟ್ಟಿನಿಂದಲೇ ಒಂದು ತೂತು ಇತ್ತು ಅಂತ.

ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿರುವ ಈ ತೂತಿಗೆ ಡಾಕ್ಟರುಗಳು ಎ.ಎಸ್.ಡಿ. ಅನ್ನುತ್ತಾರೆ. ಇಷ್ಟು ವರ್ಷ ಸುಮ್ಮನಿದ್ದದ್ದು ಈಗ್ಯಾಕೆ ತೊಂದರೆ ಕೊಡುತ್ತದೆ? ಎಡಗಡೆಯಿಂದ ಬಲಗಡೆಗೆ ಸೋರುವ ರಕ್ತವನ್ನು ಹೃದಯ ಹೇಗೋ ತಾಳಿಕೊಂಡಿರುತ್ತದೆ. ವಯಸ್ಸಾದಂತೆ, ಬಿಪಿ ಇದ್ದರಂತೂ ಇನ್ನೂ ಜಾಸ್ತಿ, ಎಡಗಡೆಯ ಕೆಳಕೋಣೆಯ ಗೋಡೆ ಗಡುಸಾಗುತ್ತದೆ. ಅಲ್ಲಿಗೆ ರಕ್ತ ಸಲೀಸಾಗಿ ಇಳಿಯುವುದಿಲ್ಲ. ತೂತಿನ ಕಡೆಗೇ ಹೆಚ್ಚು ನುಗ್ಗುತ್ತದೆ. ಬಲಗಡೆ ಹಿಗ್ಗುತ್ತದೆ, ಬಡಿತದ ತಾಳ ತಪ್ಪುತ್ತದೆ.

ಮೊದಲು ಇದಕ್ಕೆ ಎದೆ ತೆರೆದು ಹೊಲಿಗೆ ಹಾಕುವುದೊಂದೇ ದಾರಿಯಾಗಿತ್ತು. 1975ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಟೆರಿ ಕಿಂಗ್ ಮತ್ತು ನೋಯೆಲ್ ಮಿಲ್ಸ್ ಎಂಬ ವೈದ್ಯರು 17 ವರ್ಷದ ಹುಡುಗಿಯೊಬ್ಬಳಿಗೆ ಆಪರೇಷನ್ ಇಲ್ಲದೆ, ರಕ್ತನಾಳದ ಮೂಲಕವೇ ತೂತು ಮುಚ್ಚಿದರು. ಇವತ್ತು ಅದೇ ದಾರಿ ಎಪ್ಪತ್ತು ದಾಟಿದವರಿಗೂ ತೆರೆದಿದೆ.

ತೊಡೆಸಂದಿಯ ರಕ್ತನಾಳದಲ್ಲಿ ಸಣ್ಣ ಕೊಳವೆ ಏರಿಸುತ್ತಾರೆ. ಅದರೊಳಗೆ ಮುದುಡಿಕೊಂಡಿರುತ್ತದೆ ನಿಟಿನಾಲ್ ಎಂಬ ನಿಕ್ಕಲ್-ಟೈಟಾನಿಯಂ ತಂತಿಯಲ್ಲಿ ಹೆಣೆದ ಪುಟ್ಟ ಮುಚ್ಚಳ. ತೂತಿನ ಆ ಬದಿಗೆ ಹೋಗಿ ಒಂದು ಬಿಲ್ಲೆ ಅರಳುತ್ತದೆ, ಈ ಬದಿಯಲ್ಲಿ ಇನ್ನೊಂದು. ನಡುವೆ ಗೋಡೆ. ಅಲ್ಲಾಡಿಸಿ ನೋಡಿ, ಗಟ್ಟಿ ಕೂತಿದೆ ಅನಿಸಿದ ಮೇಲೆಯೇ ಮುಚ್ಚಳವನ್ನು ಹಿಡಿದಿರುವ ತಂತಿಯಿಂದ ಅದನ್ನು ಬಿಡಿಸುತ್ತಾರೆ. ಸರಿ ಕೂರದಿದ್ದರೆ ಕೊಳವೆಯೊಳಗೆ ವಾಪಸ್ ಎಳೆದುಕೊಳ್ಳಬಹುದು. ನನಗೆ ಇದರಲ್ಲಿ ತುಂಬಾ ಧೈರ್ಯ ಕೊಡುವ ಮಾತು ಇದೇ. ಕೆಲವು ತಿಂಗಳಲ್ಲಿ ಮುಚ್ಚಳದ ಮೇಲೆ ಹೃದಯದ ಒಳಪೊರೆಯೇ ಬೆಳೆದುಕೊಳ್ಳುತ್ತದೆ.

ಎಲ್ಲರಿಗೂ ಇದು ಆಗುವುದಿಲ್ಲ. ತೂತು ಗೋಡೆಯ ನಡುಭಾಗದಲ್ಲಿರಬೇಕು, ಸುತ್ತ ಅಂಚು ಸಾಕಷ್ಟಿರಬೇಕು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ತೂತಿನಲ್ಲಿ ರಕ್ತ ಉಲ್ಟಾ, ಬಲಗಡೆಯಿಂದ ಎಡಗಡೆಗೆ ಹರಿಯುತ್ತಿದ್ದರೆ ಮುಚ್ಚಲೇಬಾರದು. ಹಿರಿಯರಲ್ಲಿ ಇನ್ನೊಂದು ಎಚ್ಚರ ಬೇಕು. ಗಡುಸಾದ ಎಡಗಡೆಯ ಕೆಳಕೋಣೆಗೆ ಆ ತೂತೇ ಒತ್ತಡ ಇಳಿಸುವ ದಾರಿಯಾಗಿರಬಹುದು. ತಟ್ಟನೆ ಮುಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬೀತು. ಅದಕ್ಕೇ ಇಂಥವರಲ್ಲಿ ಮೊದಲು ಬಲೂನಿನಿಂದ ಸ್ವಲ್ಪ ಹೊತ್ತು ಮುಚ್ಚಿ, ಒತ್ತಡ ಅಳೆದು ನೋಡುತ್ತಾರೆ. ನಿಮ್ಮ ತಂದೆಗೋ ತಾಯಿಗೋ ಈ ಚಿಕಿತ್ಸೆ ಹೇಳಿದ್ದರೆ, ‘ಈ ಪರೀಕ್ಷೆ ಬೇಕಾ ಡಾಕ್ಟ್ರೇ?’ ಅಂತ ಕೇಳಿ. ನಿಕ್ಕಲ್ ಒಡವೆ ಮೈಗೆ ಆಗದವರು ಅದನ್ನೂ ಮೊದಲೇ ಹೇಳಿ.

ಮುಚ್ಚಿದ ಮೇಲೆ ಉಸಿರಾಟ ಹಗುರಾಗುತ್ತದೆ. ತಾಳ ತಪ್ಪಿದ ಬಡಿತ ಮಾತ್ರ ಕೆಲವರಲ್ಲಿ ಹಾಗೆಯೇ ಉಳಿಯುತ್ತದೆ. ಅಂಥವರು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಮೊದಲ 6 ತಿಂಗಳೊಳಗೆ ಹಲ್ಲು ಕೀಳಿಸಬೇಕಾಗಿ ಬಂದರೆ, ಕುರ್ಚಿ ಮೇಲೆ ಕೂರುವ ಮೊದಲೇ ಹಲ್ಲಿನ ಡಾಕ್ಟರಿಗೆ ಈ ಮುಚ್ಚಳದ ವಿಷಯ ತಿಳಿಸಿ.

ನಮಸ್ಕಾರ.