ಕಲಾಯಿ ಹಾಕಿದ ರೈಲು

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಗಂಟೆಗೆ 300 ಕಿಲೋಮೀಟರ್ ಓಡುವ ರೈಲುಗಳನ್ನು ತೋರಿಸಿದರು. ಚಪ್ಪಾಳೆಯೂ ಜೋರಾಗಿ ಬಿತ್ತು. ನಾನು ತಂದಿರುವ ರೈಲು ಎಷ್ಟು ಒದ್ದಾಡಿದರೂ ಗಂಟೆಗೆ 60 ಮೈಲಿ ದಾಟುವುದಿಲ್ಲ. ಅಂದರೆ 97 ಕಿಲೋಮೀಟರ್ ಅಷ್ಟೆ. ನನಗೆ ಚಪ್ಪಾಳೆ ಬೇಡ, ಮಧ್ಯದಲ್ಲಿ ಎದ್ದು ಹೋಗದಿದ್ದರೆ ಸಾಕು.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ 'ನವೀಕರಿಸಿದ ಪ್ಯಾಸೆಂಜರ್ ರೈಲುಗಳು' ಎಂದಿದೆ. ನವೀಕರಣ ದೊಡ್ಡ ಮಾತಾಯಿತು. ನನ್ನ ಲೆಕ್ಕದಲ್ಲಿ ಇದು ಹಳೇ ಪಾತ್ರೆಗೆ ಕಲಾಯಿ ಹಾಕಿಸುವ ಕೆಲಸ. ಪಾತ್ರೆ ಗಟ್ಟಿ ಇದ್ದರೆ ಕಲಾಯಿ ಹಾಕಿಸುವುದು ಜಾಣತನ. ತಳವೇ ತೂತಾಗಿದ್ದರೆ ಎಷ್ಟು ಹೊಳೆದರೂ ಏನು ಬಂತು? ಆದರೆ ನನಗೆ ಪಾತ್ರೆಯ ಚಿಂತೆ ಅಷ್ಟಿಲ್ಲ. ಪಾತ್ರೆ ಕಲಾಯಿಗೆ ಹೋದಾಗ ಮನೆಯಲ್ಲಿ ಅಡುಗೆ ಯಾವುದರಲ್ಲಿ? ಇದನ್ನು ಯಾರೂ ಕೇಳುವುದಿಲ್ಲ. ನಾನು ಇವತ್ತು ಅದನ್ನೇ ಮತ್ತೆ ಮತ್ತೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬ್ರಿಟನ್ನಿನ ಸಣ್ಣ ಲೈನುಗಳ ಪಾಡು ನಿಮಗೆ ಗೊತ್ತೇ ಇದೆ. ಮೇಲೆ ತಂತಿ ಇಲ್ಲ. ಎರಡು ಕೋಚಿನ ಡೀಸೆಲ್ ರೈಲು, ಟಿಕೆಟಿನಿಂದ ಬರುವ ದುಡ್ಡು ಅಷ್ಟಕ್ಕಷ್ಟೆ. ಇಂಥ ಲೈನಿಗೆ ಮೂರೋ ಐದೋ ಹೊಸ ರೈಲು ಬೇಕು ಎಂದು ಕಾರ್ಖಾನೆಗೆ ಹೋದರೆ ಅವರು ಕಾಫಿ ಕೊಟ್ಟು ಕಳಿಸುತ್ತಾರೆ. ಮೂರು ರೈಲಿಗಾಗಿ ಯಾರು ಹೊಸ ವಿನ್ಯಾಸ ಮಾಡುತ್ತಾರೆ? ಹಾಗಾಗಿ ಕಣ್ಣು ಹಳೇ ರೈಲುಗಳ ಮೇಲೆ ಬೀಳುತ್ತದೆ.

ಈಗ ನನ್ನ ಅಚ್ಚುಮೆಚ್ಚಿನ ಕಥೆ. ಕೇಳಿದವರು ಇನ್ನೊಮ್ಮೆ ಕೇಳಿ.

ಲಂಡನ್ನಿನ ಮೆಟ್ರೋದ ಡಿಸ್ಟ್ರಿಕ್ಟ್ ಲೈನಿನಲ್ಲಿ ಡಿ78 ಎನ್ನುವ ರೈಲುಗಳಿದ್ದವು. ಬರ್ಮಿಂಗ್‌ಹ್ಯಾಮಿನ ಮೆಟ್ರೋ-ಕ್ಯಾಮೆಲ್ ಕಂಪನಿ ಕಟ್ಟಿದ್ದು. 1980ರಲ್ಲಿ ಓಡಲು ಶುರು ಮಾಡಿದವು, 2017ರ ಏಪ್ರಿಲ್‌ನಲ್ಲಿ ಕೊನೆಯದು ನಿಂತಿತು. ಮೈ ಪೂರ್ತಿ ಅಲ್ಯೂಮಿನಿಯಂ. ತುಕ್ಕು ಹಿಡಿಯುವ ಮಾತೇ ಇಲ್ಲ. ಬೋಗಿಗಳನ್ನೂ ಮಧ್ಯದಲ್ಲಿ ಒಮ್ಮೆ ಹೊಸದಾಗಿ ಹಾಕಿದ್ದರು. ಇಲ್ಲೊಂದು ಮಾತು. ನಾವು ಬೋಗಿ ಎಂದರೆ ಇಡೀ ಡಬ್ಬಿ. ವರ್ಕ್‌ಶಾಪಿನವರಿಗೆ ಬೋಗಿ ಎಂದರೆ ಕೆಳಗಿರುವ ಚಕ್ರಗಳ ಚೌಕಟ್ಟು ಮಾತ್ರ. ಈ ಒಂದು ಪದಕ್ಕಾಗಿ ನಾನು ಎಷ್ಟು ಜನರ ಹತ್ತಿರ ಜಗಳ ಆಡಿದ್ದೇನೋ ಲೆಕ್ಕವಿಲ್ಲ. ಇವತ್ತು ಡಬ್ಬಿಗೆ ಕೋಚ್ ಎನ್ನುತ್ತೇನೆ, ಚಕ್ರದ ಚೌಕಟ್ಟಿಗೆ ಬೋಗಿ. ಸರಿನಾ?

ಗುಜರಿಗೆ ಹೋಗಬೇಕಿದ್ದ ಈ ಕೋಚ್‌ಗಳನ್ನು ಏಡ್ರಿಯನ್ ಶೂಟರ್ ಎನ್ನುವವರು ಕೊಂಡರು. ಚಿಲ್ಟರ್ನ್ ರೈಲ್ವೇಸ್ ಕಂಪನಿಯನ್ನು ಬೆಳೆಸಿದವರು ಇವರು. ರೈಲಿನ ಹುಚ್ಚು ಎಷ್ಟು ಎಂದರೆ, ಡಾರ್ಜಿಲಿಂಗ್ ಬೆಟ್ಟದ ಲೈನಿನ ಒಂದು ಉಗಿ ಎಂಜಿನ್, 1889ರಲ್ಲಿ ತಯಾರಾದದ್ದು, ಅದನ್ನು ಆಕ್ಸ್‌ಫರ್ಡ್‌ಶೈರಿನ ತಮ್ಮ ಮನೆಯ ತೋಟದಲ್ಲಿ ಹಳಿ ಹಾಕಿ ಓಡಿಸುತ್ತಿದ್ದರು! ಜನ ತೋಟದಲ್ಲಿ ಗುಲಾಬಿ ಹಾಕುತ್ತಾರೆ, ಇವರು ರೈಲು ಹಾಕಿದರು. ಇಂಥವರಿಗೆ ಹಳೇದನ್ನು ಎಸೆಯಲು ಮನಸ್ಸು ಬರುವುದಾದರೂ ಹೇಗೆ?

ಅವರು ವಿವಾರೈಲ್ ಎಂಬ ಕಂಪನಿ ಮಾಡಿದರು. ಡಿ78 ಕರೆಂಟಿನ ರೈಲು. ಸಣ್ಣ ಲೈನುಗಳಲ್ಲಿ ಕರೆಂಟ್ ಇಲ್ಲ. ಅದಕ್ಕೆ ಕೋಚಿನ ಕೆಳಗೆ ಜನರೇಟರ್ ಕೂರಿಸಿದರು. ಎಂಜಿನ್ ಯಾವುದು ಗೊತ್ತಾ? ಫೋರ್ಡ್‌ನದು. 3.2 ಲೀಟರ್, ಐದು ಸಿಲಿಂಡರ್. ಟ್ರಾನ್ಸಿಟ್ ವ್ಯಾನಿನಲ್ಲಿ ಬರುವ ಜಾತಿಯದೇ. ಅದು ಕರೆಂಟ್ ಮಾಡುತ್ತದೆ, ಮೋಟರ್ ಚಕ್ರ ತಿರುಗಿಸುತ್ತದೆ. ಎಂಜಿನ್ ಕೆಟ್ಟರೆ ಫೋರ್ಕ್‌ಲಿಫ್ಟ್ ತಂದು ಇಡೀ ಪೆಟ್ಟಿಗೆಯನ್ನೇ ಎಳೆದು ಇನ್ನೊಂದು ತಳ್ಳಿದರಾಯಿತು. ಡಿಪೋಗೆ ಹೋಗಿ ದಿನಗಟ್ಟಲೆ ಮಲಗುವ ಕೆಲಸವಿಲ್ಲ. ವರ್ಷಗಟ್ಟಲೆ ಕೋಚಿನ ಕೆಳಗೆ ಅಂಗಾತ ಮಲಗಿ ಬೋಲ್ಟ್ ಬಿಚ್ಚಿದವನು ನಾನು. ಈ ಉಪಾಯ ಓದಿದ ದಿನ ನನಗೆ ಹೊಟ್ಟೆಕಿಚ್ಚೇ ಆಯಿತು.

ಆದರೆ 2016ರ ಡಿಸೆಂಬರ್ 30ರಂದು ಏನಾಯಿತು? ಹೊಸ ವರ್ಷಕ್ಕೆ ಎರಡೇ ದಿನ. ಕೆನಿಲ್‌ವರ್ತ್ ಹತ್ತಿರ ಪರೀಕ್ಷೆಗೆ ಓಡುತ್ತಿದ್ದ ಮೊದಲ ರೈಲಿನ ಕೆಳಗೆ ಬೆಂಕಿ. ಡೀಸೆಲ್ ಸೋರಿಕೆ. ಕವೆಂಟ್ರಿ–ನನೀಟನ್ ಲೈನಿನಲ್ಲಿ ಜನರನ್ನು ಕೂರಿಸಿ ಓಡಿಸುವ ಯೋಜನೆ ಅಲ್ಲಿಗೇ ಬಿತ್ತು. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಓಡಿದ ಮೈ ಕೈಕೊಡಲಿಲ್ಲ. ಆ ಮೈಗೆ ಹೊಸದಾಗಿ ಅಂಟಿಸಿದ ಭಾಗ ಕೈಕೊಟ್ಟಿತು. ಹಳೇ ರೈಲು ಎಂದರೆ ಹಳೆಯದು ಕೆಡುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ, ಅಲ್ವಾ? ಹಳೆಯದಕ್ಕೂ ಹೊಸದಕ್ಕೂ ಇರುವ ಬೆಸುಗೆಯಲ್ಲಿ ತೊಂದರೆ ಜಾಸ್ತಿ. ವೈರು, ಪೈಪು, ಸಾಫ್ಟ್‌ವೇರು.

ಬಿಡಲಿಲ್ಲ ಅವರು. ತಿದ್ದಿದರು. 2019ರ ಏಪ್ರಿಲ್‌ನಲ್ಲಿ ಬೆಡ್‌ಫರ್ಡ್‌ನಿಂದ ಬ್ಲೆಚ್ಲಿಗೆ ಹೋಗುವ ಮಾರ್ಸ್ಟನ್ ವೇಲ್ ಲೈನಿನಲ್ಲಿ ಮೊದಲ ಪ್ರಯಾಣಿಕರು ಹತ್ತಿದರು. ಎರಡೆರಡು ಕೋಚಿನ ಮೂರು ರೈಲು. ಎರಡು ಓಡಬೇಕು, ಒಂದು ಸ್ಪೇರ್. ಲೈನಿನಲ್ಲಿ ಹನ್ನೆರಡು ನಿಲ್ದಾಣ. ಶುರುವಿನಲ್ಲಿ ಸಾಕಷ್ಟು ಕೆಟ್ಟು ನಿಂತವು. ಹೊಸ ಸೊಸೆ ಮನೆಗೆ ಹೊಂದಿಕೊಳ್ಳುವ ಹಾಗೆ ನಿಧಾನವಾಗಿ ಹೊಂದಿಕೊಂಡವು.

2022ರ ಡಿಸೆಂಬರ್ 1. ವಿವಾರೈಲ್ ದಿವಾಳಿ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆ ರೈಲುಗಳ ರಿಪೇರಿ ನೋಡಿಕೊಳ್ಳುತ್ತಿದ್ದವರೂ ಅದೇ ಕಂಪನಿಯವರು. ನೋಡಿಕೊಳ್ಳುವವರೇ ಇಲ್ಲ ಎಂದ ಮೇಲೆ ಓಡಿಸುವುದು ಹೇಗೆ? ನಿಲ್ಲಿಸಿದರು. ರೈಲು ಕೆಟ್ಟಿರಲಿಲ್ಲ, ಸ್ವಾಮಿ. ಹಳಿ ಮುರಿದಿರಲಿಲ್ಲ. ಸ್ಪೇರ್ ಕೂಡ ಇತ್ತು. ಆ ಸ್ಪೇರಿಗೂ ಅದೇ ರೋಗ, ಅದೇ ವೈದ್ಯ. ಇಡೀ ಲೈನಿಗೆ ಬಸ್ಸು ಬಂತು. ಶೂಟರ್ ಕೂಡ ಅದೇ ತಿಂಗಳು ತೀರಿಕೊಂಡರು.

ರೈಲು ಮತ್ತೆ ಬಂದದ್ದು 2023ರ ನವೆಂಬರ್‌ನಲ್ಲಿ. ಹೆಚ್ಚುಕಡಿಮೆ ಒಂದು ವರ್ಷ. ಬಂದದ್ದಾದರೂ ಯಾವುದು? ಕ್ಲಾಸ್ 150. 1980ರ ದಶಕದ ಮಧ್ಯದ ಡೀಸೆಲ್ ರೈಲು. ಯಾವ ಜಾತಿಯ ಮುದಿ ರೈಲುಗಳಿಗೆ ಬದಲು ಬೇಕು ಎಂದು ಇಷ್ಟೆಲ್ಲ ಮಾಡಿದರೋ, ಆ ಜಾತಿಯದೇ ಬಂದು ಮಾನ ಕಾಪಾಡಿತು. ಇನ್ನೂ ಮಜಾ ಎಂದರೆ, ಮೈಯ ವಯಸ್ಸು ನೋಡಿದರೆ ಈ ಮುದುಕ ಡಿ78ಗಿಂತ ಚಿಕ್ಕವನು!

ಅದಕ್ಕೇ ಕೇಳುವುದು. ಪಾತ್ರೆ ಕಲಾಯಿಗೆ ಹೋದಾಗ ಅಡುಗೆ ಯಾವುದರಲ್ಲಿ?

ವೇಲ್ಸ್‌ನವರು ಈ ಪ್ರಶ್ನೆಗೆ, ಬೇಕಾಗಿಯೋ ಬೇಡವಾಗಿಯೋ, ಉತ್ತರ ಕೊಟ್ಟರು. ರೆಕ್ಸಮ್–ಬಿಡ್‌ಸ್ಟನ್ ಲೈನಿಗೆ ಇದೇ ವಿವಾರೈಲ್‌ನ ಐದು ರೈಲು ಬರಬೇಕಿತ್ತು, ಮೂರು ಮೂರು ಕೋಚಿನದು, ಬ್ಯಾಟರಿಯೂ ಇರುವುದು. 2019ರಲ್ಲಿ ಎಂದರು. ಬಂದದ್ದು 2023ರ ಏಪ್ರಿಲ್‌ನಲ್ಲಿ. ಅಂದರೆ ಕಟ್ಟಿದ ಕಂಪನಿ ಮುಳುಗಿದ ಮೇಲೆ! ಅಷ್ಟು ದಿನ ಹಳೇ ಡೀಸೆಲ್ ರೈಲುಗಳೇ ಕೆಲಸ ಎಳೆದವು. ಕಾರ್ಡಿಫ್ ಸುತ್ತಮುತ್ತ ಪೇಸರ್‌ಗಳ ಕಥೆಯೂ ಇದೇ. ಪೇಸರ್ ಗೊತ್ತಲ್ಲ? ಲೇಲ್ಯಾಂಡ್ ಬಸ್ಸಿನ ಮೈ, ಗೂಡ್ಸ್ ವ್ಯಾಗನ್ನಿನಂತೆ ನಾಲ್ಕೇ ಚಕ್ರ. ತಲೆ ಆಡಿಸುವ ಕತ್ತೆ ಎಂದು ಅಲ್ಲಿನ ಜನ ಅಡ್ಡಹೆಸರು ಇಟ್ಟಿದ್ದರು. 2019ರ ಕೊನೆಗೆ ಎಲ್ಲವನ್ನೂ ತೆಗೆಯಬೇಕಿತ್ತು. ಗಾಲಿಕುರ್ಚಿಯವರು ಬಳಸಲು ಆಗದ ರೈಲು ಓಡಬಾರದು ಎಂಬ ನಿಯಮ 2020ರಿಂದ ಬಂತು. ಒಳ್ಳೆಯ ನಿಯಮ, ನನ್ನ ತಕರಾರಿಲ್ಲ. ಆದರೆ ಬದಲಿ ರೈಲುಗಳೇ ಬರಲಿಲ್ಲ. ವಿನಾಯಿತಿ ಕೊಟ್ಟು 2021ರವರೆಗೂ ಕತ್ತೆಯನ್ನೇ ಓಡಿಸಿದರು. ಬೈದುಕೊಂಡೇ ಜನ ಹತ್ತಿದರು. ಆದರೆ ಹತ್ತಲು ಒಂದು ರೈಲಿತ್ತು.

ಆ ಬದಲಿ ರೈಲು ಯಾವುದು ಎಂದರೆ ಕ್ಲಾಸ್ 769. ಲಂಡನ್ ಹಾದು ಹೋಗುವ ಥೇಮ್ಸ್‌ಲಿಂಕ್ ಲೈನಿನಲ್ಲಿ ಓಡುತ್ತಿದ್ದ 319 ಎಂಬ ಕರೆಂಟಿನ ರೈಲಿಗೆ ಡೀಸೆಲ್ ಎಂಜಿನ್ ಸೇರಿಸಿದ್ದು. ಒಂದು ಬಗೆಯದಂತೂ ಮೇಲಿನ ತಂತಿ, ಪಕ್ಕದಲ್ಲಿ ಕರೆಂಟ್ ಹರಿಯುವ ಮೂರನೇ ಹಳಿ, ಡೀಸೆಲ್, ಮೂರರಲ್ಲೂ ಓಡಬೇಕು. ಎರಡು ದೋಣಿ ಮೇಲೆ ಕಾಲಿಡಬೇಡ ಎಂದು ಹಿರಿಯರು ಹೇಳಿದ್ದಾರೆ. ಮೂರು ದೋಣಿಯ ಬಗ್ಗೆ ಅವರಿಗೆ ಯೋಚನೆಯೇ ಬಂದಿರಲಿಲ್ಲ. ಗ್ರೇಟ್ ವೆಸ್ಟರ್ನ್ ಎಂಬ ರೈಲು ಕಂಪನಿ ಇಂಥ 19 ರೈಲಿಗೆ ಹೇಳಿತ್ತು. ಒಬ್ಬ ಪ್ರಯಾಣಿಕನನ್ನೂ ಹತ್ತಿಸದೆ ವಾಪಸ್ ಕಳಿಸಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು.

ಚೀಟಿ ಬಂತು. ಇನ್ನು ಹತ್ತು ನಿಮಿಷ ಎಂದಿದೆ. ಇದು ಏಳೋ ಹತ್ತೋ? ಏಳಂತೆ.

ಐಲ್ ಆಫ್ ವೈಟ್ ಬಿಡಲು ಮನಸ್ಸಿಲ್ಲ. ಆ ದ್ವೀಪದಲ್ಲಿ ರೈಡ್‌ನಿಂದ ಶ್ಯಾಂಕ್ಲಿನ್‌ಗೆ ಎಂಟೂವರೆ ಮೈಲಿಯ ಲೈನ್. ಒಂದು ಸುರಂಗ ತಗ್ಗು, ಮಾಮೂಲಿ ರೈಲು ಹಿಡಿಸುವುದಿಲ್ಲ. ಹಾಗಾಗಿ 1967ರಿಂದ ಅಲ್ಲಿಗೆ ಲಂಡನ್ನಿನ ಹಳೇ ಮೆಟ್ರೋ ರೈಲುಗಳೇ ಹೋಗುತ್ತವೆ. ಅಣ್ಣನ ಅಂಗಿ ತಮ್ಮನಿಗೆ. 1938ರ ಮಾದರಿಯ ರೈಲುಗಳು 2021ರ ಜನವರಿ 3ರವರೆಗೂ ಓಡಿದವು. ಆಮೇಲೆ ಲೈನ್ ಮುಚ್ಚಿ ಹಳಿ ಸರಿಮಾಡಿದರು. ಯೋಜನೆ 2.6 ಕೋಟಿ ಪೌಂಡಿನದು. ರೈಲು, ನಮ್ಮ ಅದೇ ಡಿ78, ಈ ಸಲ ಡೀಸೆಲ್ ಇಲ್ಲದೆ ಬರೀ ಕರೆಂಟ್. ಮೂರು ತಿಂಗಳಲ್ಲಿ ತೆರೆಯುವ ಮಾತಿತ್ತು. ತೆರೆದದ್ದು ನವೆಂಬರ್ 1ಕ್ಕೆ. ಪ್ರವಾಸಿಗರ ಬೇಸಿಗೆ ಪೂರ್ತಿ ಬಸ್ಸಿನಲ್ಲೇ ಕಳೆಯಿತು. ನ್ಯಾಯವಾಗಿ ಹೇಳಬೇಕೆಂದರೆ, ಹಳಿಯ ಕೆಲಸಕ್ಕೆ ಮುಚ್ಚಲೇಬೇಕಿತ್ತು. ತಪ್ಪು ಎನ್ನುವುದಿಲ್ಲ. ತಾರೀಖು ಹೇಳುವಾಗ ಬಾಯಿ ಸ್ವಲ್ಪ ಬಿಗಿ ಹಿಡಿಯಬಹುದಿತ್ತು ಎನ್ನುತ್ತೇನೆ.

ಅಮೆರಿಕದ ಹಾರೈಜನ್ ಕೋಚ್‌ಗಳ ಬಗ್ಗೆ ಒಂದು ಪುಟ ಬರೆದುಕೊಂಡು ಬಂದಿದ್ದೆ. ಒಂದೇ ಸಾಲು ಹೇಳುತ್ತೇನೆ. 2025ರ ಮಾರ್ಚ್‌ನಲ್ಲಿ ಮೈಯ ಲೋಹ ತಿಂದುಹೋಗುತ್ತಿರುವುದು ಕಂಡುಬಂತೆಂದು ಅಲ್ಲಿನ ಪ್ರಯಾಣಿಕ ರೈಲು ಕಂಪನಿ ಆಮ್‌ಟ್ರ್ಯಾಕ್ ಎಲ್ಲವನ್ನೂ ಒಮ್ಮೆಲೇ ತೆಗೆಯಿತು, ಸಿಯಾಟಲ್ ಕಡೆಯ ಕ್ಯಾಸ್ಕೇಡ್ಸ್ ರೈಲುಗಳಿಗೆ ಕೋಚೇ ಸಾಲದಾಯಿತು. ಅಡುಗೆ ಯಾವುದರಲ್ಲಿ? ನೋಡಿ, ನಾನು ಕೇಳುವ ಮುಂಚೆ ಹಿಂದಿನ ಸಾಲಿನವರೇ ಕೇಳಿದರು.

ಬಿಡಿಭಾಗಗಳ ವಿಷಯ, ಗುತ್ತಿಗೆ ಬರೆಯುವ ವಿಷಯ ಎರಡೂ ಉಳಿದವು. ಗುತ್ತಿಗೆಯ ಬಗ್ಗೆ ಇಷ್ಟು ಮಾತ್ರ. ರೈಲು ಕೊಳ್ಳುವಾಗ ಅದರ ನಕ್ಷೆ, ಸಾಫ್ಟ್‌ವೇರಿನ ಬೀಗದ ಕೈ, ರಿಪೇರಿ ಕಲಿತ ನಾಲ್ಕು ಜನ, ಇವು ಓಡಿಸುವವರ ಹತ್ತಿರವೇ ಇರಬೇಕು. ಮತ್ತೆ, ಹಳೆಯದನ್ನು ಗುಜರಿಗೆ ಕಳಿಸುವ ಸಹಿ ಹೊಸದು ಒಂದು ಚಳಿಗಾಲ ಓಡಿದ ಮೇಲೆ ಬೀಳಲಿ. ಆ ಲಾರಿಗೆ ಅವಸರ ಏನಿದೆ?

ಡಿ78 ಏನಾಯಿತು ಎಂದು ಟೀ ಸಮಯದಲ್ಲಿ ಒಬ್ಬರು ಕೇಳಿದ್ದರು. ಮುಳುಗಿದ ಕಂಪನಿಯ ಬ್ಯಾಟರಿ ಕೆಲಸವನ್ನು ಗ್ರೇಟ್ ವೆಸ್ಟರ್ನ್ ಕೊಂಡಿತು. ಹೌದು, 19 ರೈಲು ವಾಪಸ್ ಕಳಿಸಿದವರೇ. ಲಂಡನ್ನಿನ ಪಶ್ಚಿಮಕ್ಕೆ ಗ್ರೀನ್‌ಫರ್ಡ್ ಎಂಬ ಎರಡೂವರೆ ಮೈಲಿಯ ಕವಲು ಲೈನ್ ಇದೆ. ಅಲ್ಲಿ ಈ ರೈಲಿಗೆ ಬೇಗ ಚಾರ್ಜ್ ಮಾಡುವ ಪರೀಕ್ಷೆ ನಡೆಸಿದರು. 2025ರ ಆಗಸ್ಟ್‌ನಲ್ಲಿ ಅದೇ ರೈಲು ಒಂದೇ ಚಾರ್ಜಿನಲ್ಲಿ 200 ಮೈಲಿಗೂ ಸ್ವಲ್ಪ ಜಾಸ್ತಿ ಓಡಿತು. 1980ರ ಡಬ್ಬಿ! ಎರಡೂವರೆ ಮೈಲಿ ಲೈನಿಗೆ ಇನ್ನೂರು ಮೈಲಿಯ ಬ್ಯಾಟರಿ. ಇದನ್ನು ಕೇಳಿದ್ದರೆ ತೋಟದಲ್ಲಿ ರೈಲು ಹಾಕಿದ ಆ ಮನುಷ್ಯ ಜೋರಾಗಿ ನಗುತ್ತಿದ್ದರೇನೋ.

ಮೈಕ್ ಕೊಟ್ಟುಬಿಡುತ್ತೇನೆ. ಪ್ರಶ್ನೆ ಇದ್ದವರು ಕೇಳಿ. ಬೋಗಿ ಎಂದರೆ ಯಾವುದು ಅನ್ನುವ ಜಗಳ ಮಾತ್ರ ಊಟಕ್ಕೆ ಕೂತಾಗ.