ಕೂಲಿ ಇಲ್ಲದ ಕೆಲಸಕ್ಕೂ ಲೆಕ್ಕ ಬೇಕು

ಎಲ್ಲರಿಗೂ ನಮಸ್ಕಾರ. ಮಕ್ಕಳು ಹೊರದೇಶದಲ್ಲಿ ಇರುವವರು ಕೈ ಎತ್ತಿ ಅಂದರೆ ಈ ಸಭೆಯಲ್ಲಿ ಅರ್ಧ ಜನ ಎತ್ತುತ್ತೀರಿ, ಅಲ್ವಾ? ಅದಕ್ಕೇ ಇವತ್ತು ಹೊರದೇಶದ ದೇವಸ್ಥಾನಗಳಲ್ಲಿ ಕೂಲಿ ಇಲ್ಲದೆ ಮಾಡುವ ಕಟ್ಟಡ ಸೇವೆಯ ವಿಷಯ; ದೇವರ ಬಗ್ಗೆ ಕಮ್ಮಿ, ಸಿಮೆಂಟು ಮತ್ತು ವೀಸಾ ಬಗ್ಗೆ ಜಾಸ್ತಿ ಮಾತಾಡುತ್ತೇನೆ.

ಇಂಗ್ಲೆಂಡಿನಲ್ಲಿ ಇದ್ದಾಗ ಶನಿವಾರ, ಭಾನುವಾರ ನಾನು ಒಂದು ದೇವಸ್ಥಾನದ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದೆ. ಇಲ್ಲಿ ದುರ್ಗಾಂಬಿಕೆ ಜಾತ್ರೆಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದೇನೆಯೇ ಹೊರತು ಒಂದು ಇಟ್ಟಿಗೆ ಎತ್ತಿಟ್ಟವನಲ್ಲ. ಊರಲ್ಲಾದರೆ ಕಮಿಟಿ ಇದೆ, ಮೇಸ್ತ್ರಿ ಇದ್ದಾರೆ. ಇಂಗ್ಲೆಂಡಿನಲ್ಲಿ ಮೇಸ್ತ್ರಿಯ ದಿನದ ಕೂಲಿ ಕೇಳಿದರೇ ಕಮಿಟಿಯವರಿಗೆ ತಲೆ ತಿರುಗುತ್ತದೆ. ಹಾಗಾಗಿ ಡಾಕ್ಟರು, ಸಾಫ್ಟ್‌ವೇರ್‌ನವರು, ಟ್ಯಾಕ್ಸಿ ಓಡಿಸುವವರು ಎಲ್ಲ ಒಂದೇ ಸಾಲಿನಲ್ಲಿ ಕೂತು ಹಳೇ ಬಣ್ಣ ಉಜ್ಜುತ್ತಾರೆ. ಭಕ್ತಿ ಇಲ್ಲ ಅಂತಲ್ಲ. ಆದರೆ ವಾರವೆಲ್ಲ ಇಂಗ್ಲಿಷ್ ಮಾತಾಡಿ ಸುಸ್ತಾದವರಿಗೆ ನಮ್ಮವರು ಅನ್ನುವ ನಾಲ್ಕು ಜನ ಬೇಕಿರುತ್ತದೆ. ನನ್ನನ್ನು ಕೇಳಿದರೆ ಅದೇ ದೊಡ್ಡ ಕಾರಣ.

ಲಂಡನ್ನಿನ ನೀಸ್ಡನ್‌ನಲ್ಲಿ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರದ ಕಥೆ ಕೇಳಿ. ಬಲ್ಗೇರಿಯಾದ ಸುಣ್ಣಕಲ್ಲು, ಇಟಲಿಯ ಅಮೃತಶಿಲೆ ಹಡಗಿನಲ್ಲಿ ಇಂಡಿಯಾಕ್ಕೆ ಬಂದು, ಇಲ್ಲಿ ಕೆತ್ತಿಸಿಕೊಂಡು, ಮತ್ತೆ ಹಡಗು ಹತ್ತಿ ಲಂಡನ್ನಿಗೆ ಹೋದವು. ಒಟ್ಟು 26,300 ತುಂಡು! ಒಂದೊಂದನ್ನೂ ಅದರ ಜಾಗಕ್ಕೇ ಕೂರಿಸಬೇಕು. ಕೆತ್ತಿದವರು ಪಳಗಿದ ಶಿಲ್ಪಿಗಳು. ಅಲ್ಲಿನ ಮಕ್ಕಳು ಖಾಲಿ ಅಲ್ಯೂಮಿನಿಯಂ ಡಬ್ಬಿ ಆರಿಸಿ ಮಾರಿ ದುಡ್ಡು ಕೂಡಿಸಿದರು. ಉಳಿ ಹಿಡಿಯುವ ಕೈ ಯಾವುದು, ಡಬ್ಬಿ ಆರಿಸುವ ಕೈ ಯಾವುದು ಅನ್ನುವುದು ಅವರಿಗೆ ಗೊತ್ತಿತ್ತು.

ನಾವಿದ್ದ ಕಡೆ ಆ ತಿಳಿವಳಿಕೆ ಸ್ವಲ್ಪ ಕಮ್ಮಿ. ಒಬ್ಬ ಹುಡುಗ ಇಂಜಿನಿಯರ್ ಅಂದ ಕೂಡಲೇ ವೈರಿಂಗ್ ಒಪ್ಪಿಸಿಬಿಟ್ಟರು. ಪಾಪ, ಅವನು ಕಂಪ್ಯೂಟರ್ ಇಂಜಿನಿಯರ್! ಆಮೇಲೆ ಕೆಲಸ ಗೊತ್ತಿದ್ದವರು ಬಂದು ಎಲ್ಲ ಕಿತ್ತು ಹೊಸದಾಗಿ ಹಾಕಿದರು, ಖರ್ಚು ಎರಡರಷ್ಟು. ಪುಕ್ಕಟೆ ಕೆಲಸ ಪುಕ್ಕಟೆ ಆಗಲಿಲ್ಲ.

ಇನ್ನೊಂದು ಮಾತು. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಸುತ್ತಮುತ್ತ ಕೆರೆ ಕಟ್ಟಿಸಿದವರು, ಮಾಡಿದಷ್ಟು ನೀಡು ಭಿಕ್ಷೆ, ಅಂದರೆ ಎಷ್ಟು ಕೆಲಸವೋ ಅಷ್ಟು ಪ್ರತಿಫಲ ಅಂದವರು. ವಾರಕ್ಕೊಮ್ಮೆ ಖುಷಿಗೆ ಬರುವ ನನ್ನಂಥವನಿಗೆ ಕೂಲಿ ಬೇಡ. ಆದರೆ ಹೊಟ್ಟೆಪಾಡಿಗೆ ಬಂದವನ ಹತ್ತಿರ ದಿನಪೂರ್ತಿ ಕಲ್ಲು ಹೊರಿಸಿ, ಅದಕ್ಕೆ ಸೇವೆ ಅಂತ ಹೆಸರಿಟ್ಟು, ಒಂದು ಊಟ ಹಾಕಿ ಕಳಿಸಿದರೆ ಅದು ಯಾವ ದೇಶದಲ್ಲಾದರೂ ತಪ್ಪೇ.

ಈಗ ಅಪ್ಪ ಅಮ್ಮಂದಿರ ವಿಷಯ. ಬ್ರಿಟನ್ನಿಗೆ ವಿಸಿಟರ್ ವೀಸಾದಲ್ಲಿ ಹೋದರೆ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ಅಷ್ಟರಲ್ಲಿ ಸ್ವಯಂಸೇವೆಗೆ ಒಟ್ಟು 30 ದಿನ ಮಾತ್ರ ಅವಕಾಶ, ಅದೂ ನೋಂದಾಯಿತ ಚಾರಿಟಿಯಲ್ಲಿ. ಸಂಬಳ ತಗೊಂಡಿಲ್ಲವಲ್ಲ ಅಂತ ಸುಮ್ನೆ ವಾದ ಮಾಡಿದರೆ ನಡೆಯಲ್ಲ. ಬೇರೆ ದೇಶಗಳ ನಿಯಮ ಬೇರೆ, ಹೊರಡುವ ಮೊದಲೇ ನೋಡಿಕೊಳ್ಳಿ. ಏಣಿಯಿಂದ ಬಿದ್ದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ, ಇನ್ಶೂರೆನ್ಸ್ ಇದೆಯಾ ಅಂತ ದೇವಸ್ಥಾನದವರನ್ನು ನಾಚಿಕೆ ಬಿಟ್ಟು ಕೇಳಿ. ಹೆಲ್ಮೆಟ್ ಕೊಡದಿದ್ದರೆ ಒಳಗೆ ಕಾಲಿಡಬೇಡಿ.

ಮಂಡಿ ನೋವಿನವರು ಸೀದಾ ಅಡುಗೆಮನೆಗೆ ಹೋಗಿ. ಐವತ್ತು ಜನಕ್ಕೆ ಒಗ್ಗರಣೆ ಮಂಡಕ್ಕಿ ಕಲಸಬಲ್ಲವರು ಆ ಊರುಗಳಲ್ಲಿ ಬಹಳ ಕಮ್ಮಿ. ಸರಿ, ಪ್ರಶ್ನೆ ಇದ್ದರೆ ಕೇಳಿ, ಮೊದಲು ಹಿಂದಿನ ಸಾಲಿನವರು.