ಕರೆಂಟ್ ಸೈಕಲ್ ಗಡಿ ದಾಟಿ ಮನೆಗೆ ಬಂತು

ಈ ಶಾಟ್‌ನಲ್ಲಿ ಬರೀ ಗಾಳಿ ಸದ್ದೇ ಕೇಳ್ತಿದೆ, ಬೇಜಾರಾಗ್ಬೇಡಿ. ಮೈಕ್‌ಗೆ ಹಾಕೋ ಸ್ಪಂಜು ಮನೇಲೇ ಮರೆತಿದ್ದೆ. ಆವತ್ತು ಮರೆತಿದ್ದು ಅದೊಂದೇ ಅಲ್ಲ, ಇರಲಿ, ಅದಕ್ಕೆ ಬರ್ತೀನಿ.

ನಾನಿರೋದು ಜರ್ಮನಿಯ ಆಹೆನ್‌ನಲ್ಲಿ. ಊರಿನ ಒಂದು ಅಂಚು ದಾಟಿದ್ರೆ ನೆದರ್‌ಲ್ಯಾಂಡ್ಸ್, ಇನ್ನೊಂದು ಅಂಚು ದಾಟಿದ್ರೆ ಬೆಲ್ಜಿಯಂ. ಹೊಸ ಇ-ಬೈಕ್ ರೇಟ್ ಕೇಳಿ ಅಂಗಡಿಯಿಂದ ಸುಮ್ನೆ ಆಚೆ ಬಂದಿದ್ದೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಒಂದು ಗಡಿಯಾಚೆ, ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಸಿಕ್ತು. 1,250 ಯೂರೋ ಹೇಳಿದ್ರು, 1,100ಕ್ಕೆ ಕುದುರ್ತು.

ಮಾರ್ತಾ ಇದ್ದೋರು ಒಬ್ಬರು ತಾತ. ನಾನು ಬಾಯಿ ಬಿಡೋಕೆ ಮುಂಚೆನೇ ಸೈಕಲ್ ಬಗ್ಗಿಸಿ, ಫ್ರೇಮ್ ಮೇಲೆ ಕೊರೆದಿದ್ದ ನಂಬರ್ ತೋರಿಸಿ, 'ಮೊದ್ಲು ಇದನ್ನ ಪೊಲೀಸರ ಸೈಟಲ್ಲಿ ಹಾಕಿ ನೋಡು' ಅಂದ್ರು. ಅಲ್ಲಿ ಸ್ಟಾಪ್‌ಹೇಲಿಂಗ್ ಅಂತ ಪೊಲೀಸರದ್ದೇ ಒಂದು ವ್ಯವಸ್ಥೆ ಇದೆ. ನಂಬರ್ ಹೊಡೆದ್ರೆ, ಕಳುವಾಗಿದೆ ಅಂತ ದೂರಿದ್ಯಾ ಇಲ್ವಾ ಗೊತ್ತಾಗುತ್ತೆ. ಸೈಕಲ್ ಕಳ್ಳತನ ಅಷ್ಟು ಮಾಮೂಲಿ ಆ ದೇಶದಲ್ಲಿ. ದೂರೇನೂ ಇರ್ಲಿಲ್ಲ. ಎರಡು ಬೀಗದ ಕೈ, ಕೈಬರಹದ ಒಂದು ರಸೀದಿ, ವ್ಯವಹಾರ ಮುಗೀತು. ಯೂರೋಪಿಯನ್ ಒಕ್ಕೂಟದೊಳಗೇ ಆದ್ದರಿಂದ ಕಸ್ಟಮ್ಸ್ ರಗಳೆ ಇಲ್ಲ. ನಿಯಮನೂ ಎರಡೂ ಕಡೆ ಒಂದೇ: 250 ವಾಟ್ ಮೋಟಾರ್, ಗಂಟೆಗೆ 25 ಕಿಲೋಮೀಟರ್ ಆದ ತಕ್ಷಣ ಮೋಟಾರ್ ಸುಮ್ನಾಗ್ಬೇಕು. 45ರವರೆಗೂ ಎಳೆಯೋ ಜಾತಿ ಬೇರೆ, ಅದಕ್ಕೆ ಜರ್ಮನಿಯಲ್ಲಿ ಇನ್ಶೂರೆನ್ಸ್ ಪ್ಲೇಟ್ ಹಾಕಿಸ್ಬೇಕು.

ರೈಲಲ್ಲಿ ಹಾಕ್ಕೊಂಡು ಬರಬಹುದಿತ್ತು. ಆದ್ರೆ ಹೊಸ ಸೈಕಲ್ ಕೈಗೆ ಬಂದ ದಿನ ಅದನ್ನ ರೈಲಿಗೆ ಹತ್ತಿಸೋಕೆ ಮನಸ್ಸು ಬರುತ್ತಾ? ತುಳ್ಕೊಂಡೇ ಹೊರಟೆ.

ನೋಡಿ, ಇದು ಮಾಸ್ಟ್ರಿಕ್ಟ್ ಬಿಟ್ಟ ಮೇಲಿನ ಏರು. ನೆದರ್‌ಲ್ಯಾಂಡ್ಸ್ ಅಂದ್ರೆ ಚಪಾತಿ ಮಣೆ ಥರ ಚಪ್ಪಟೆ ಅಂದ್ಕೊಂಡಿದ್ದೆ. ಈ ದಕ್ಷಿಣ ಲಿಂಬರ್ಗ್ ಮಾತ್ರ ಬರೀ ದಿಬ್ಬ, ಇಳಿಜಾರು. ಮೋಟಾರ್ ಸಹಾಯನ ಟೂರ್ ಮೋಡ್‌ಗೆ, ಅಂದ್ರೆ ಮಧ್ಯಮಕ್ಕೆ ಹಾಕಿದೆ. ಪೆಡಲ್ ಒತ್ತಿದ ಮರುಕ್ಷಣ ಹಿಂದಿನಿಂದ ಯಾರೋ ಸೀಟು ಹಿಡ್ಕೊಂಡು ತಳ್ಳಿದ ಹಾಗಾಯ್ತು. ಚಿಕ್ಕೋನಿದ್ದಾಗ ಸೈಕಲ್ ಕಲಿಸುವಾಗ ಅಪ್ಪ ತಳ್ತಿದ್ರಲ್ಲ, ಥೇಟ್ ಹಾಗೇ. ನಾನು ತುಳಿಯೋದು ನಿಲ್ಲಿಸಿದ್ರೆ ಅದೂ ನಿಲ್ಲುತ್ತೆ, ಪುಕ್ಕಟೆ ಸವಾರಿ ಇಲ್ಲ.

ದಾರಿ ಕೇಳೋ ಕೆಲಸವೇ ಇರ್ಲಿಲ್ಲ. ಪ್ರತಿ ಕವಲಲ್ಲೂ ಒಂದೊಂದು ನಂಬರ್, ಆ ನಂಬರ್‌ಗಳನ್ನೇ ಹಿಡಿದು ಹೋದ್ರಾಯ್ತು. ಇದನ್ನ 1995ರಲ್ಲಿ ಪಕ್ಕದ ಬೆಲ್ಜಿಯಂನಲ್ಲಿರೋ, ಇದೇ ಹೆಸರಿನ ಇನ್ನೊಂದು ಲಿಂಬರ್ಗ್‌ನಲ್ಲಿ ಶುರು ಮಾಡಿದ್ದು ಹ್ಯೂಗೋ ಬೊಲೆನ್ ಅನ್ನೋ ಗಣಿ ಎಂಜಿನಿಯರ್. ಗಣಿಯೊಳಗೆ ದಾರಿ ತಪ್ಪದ ಹಾಗೆ ಕವಲಿಗೆ ನಂಬರ್ ಹಾಕೋ ಪದ್ಧತಿನ ಸೈಕಲ್ ಹಾದಿಗೆ ತಂದ್ರು. ಎಂಥಾ ತಲೆ!

ಮಾರ್ಗ್ರಾಟೆನ್ ಹತ್ರ ಕ್ಯಾಮೆರಾ ಆಫ್ ಮಾಡಿದ್ದೆ. ಎರಡನೇ ಮಹಾಯುದ್ಧದಲ್ಲಿ ಸತ್ತ 8,000ಕ್ಕೂ ಹೆಚ್ಚು ಅಮೆರಿಕನ್ ಸೈನಿಕರ ಸಮಾಧಿಗಳಿವೆ ಅಲ್ಲಿ. ಒಂದೊಂದು ಸಮಾಧಿನೂ ಸುತ್ತಮುತ್ತಲ ಜನ ದತ್ತು ತಗೊಂಡು ಹೂವಿಟ್ಟು ನೋಡ್ಕೋತಾರಂತೆ.

ಗುಲ್ಪೆನ್‌ವರೆಗೂ ಜುಮ್ಮಂತ ಇಳಿದೆ. ಆಮೇಲೆ ಮತ್ತೆ ಏರು, ಎದುರುಗಾಳಿ. ಆಸೆಬುರುಕತನಕ್ಕೆ ಪೂರ್ತಿ ಜೋರಿನ ಟರ್ಬೊಗೆ ಹಾಕ್ದೆ. ಬ್ಯಾಟರಿಯ ಐದು ಗೀಟಲ್ಲಿ ಎರಡು ಕಣ್ಮುಂದೆನೇ ಮಾಯ! ವಾಲ್ಸ್ ಊರಿನ ಹತ್ರ ಹೆದರಿ, ಬ್ಯಾಟರಿ ಉಳಿಸೋ ಈಕೋಗೆ ಇಳಿಸಿದೆ. ಗಡಿ ಎಲ್ಲಿ ಬಂತು ಅಂತ ಗೊತ್ತಾಗಿದ್ದು ಚಕ್ರಕ್ಕೆ. ಕೆಂಪು ಡಾಂಬರಿನ ನುಣುಪಾದ ಹಾದಿ ಮುಗಿದು ಕಟಕಟ ಶುರುವಾಯ್ತು. ಅದೇ ನಮ್ಮ ಜರ್ಮನಿ.

ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಸೈಕಲ್ ಕೆಳಗೆ ಕಟ್ಟಿ, ಬ್ಯಾಟರಿ ಮಾತ್ರ ಕಂಕುಳಲ್ಲಿ ಇಟ್ಕೊಂಡು ಹತ್ತಿದೆ. ಪ್ಲಗ್ ಪಾಯಿಂಟ್ ಹತ್ರ ಇಟ್ಟು ಬ್ಯಾಗ್ ತಡಕಿದೆ. ಟೂತ್‌ಬ್ರಷ್ ಇದೆ, ಹೆಲ್ಮೆಟ್ ಇದೆ, ರಸೀದಿ ಇದೆ. ಚಾರ್ಜರ್ ಇಲ್ಲ. ಅದು ತಾತನ ಗ್ಯಾರೇಜಿನ ಕಪಾಟಿನ ಮೇಲೆ ಆರಾಮಾಗಿ ಕೂತಿತ್ತು.

ಮಾರನೇ ದಿನ ಹೆಚ್ಚುಕಮ್ಮಿ ಒಂದು ಗಂಟೆ ರೈಲಲ್ಲಿ ಕೂತು ವಾಪಸ್ ಹೋದೆ. ಬಾಗಿಲು ತೆಗೆದ ತಾತನ ಕೈಯಲ್ಲಿ ಚಾರ್ಜರ್, ಅವರ ಹೆಂಡತಿ ಕೈಯಲ್ಲಿ ಒಂದು ತುಂಡು ಫ್ಲಾಯ್. ಆ ಸೀಮೆಯ ಹಣ್ಣಿನ ಕಡುಬು ಅನ್ನಿ, ಆದ್ರೆ ಬೇಯಿಸೋದು ಓವನ್‌ನಲ್ಲಿ. ಚೆರ್ರಿದು. ಬೇಡ ಅನ್ನೋ ನಾಟಕನೂ ಆಡ್ಲಿಲ್ಲ ನಾನು.

ರಾತ್ರಿ ಹಾಸನಕ್ಕೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಕನ್ನಡಕ ಏರಿಸ್ಕೊಂಡು, 'ಇದು ನಮ್ಮ ಲೂನಾ ಅಲ್ವೇನೋ?' ಅಂದ್ರು. ಲೂನಾದಲ್ಲಿ ಏರು ಬಂದ್ರೆ ಎಂಜಿನ್‌ಗೆ ನೀವು ಕಾಲು ಕೊಡ್ತಿದ್ರಿ, ಇದು ನನ್ನ ಕಾಲಿಗೆ ಮೋಟಾರ್ ಕೊಡುತ್ತೆ ಅಂದೆ. 'ಹಂಗಾದ್ರೆ ಬರುವಾಗ ತಗೊಂಡ್ಬಾರೋ.'

ಬ್ಯಾಟರಿ ಮೇಲಿನ ಸ್ಟಿಕ್ಕರ್ ಓದಿ ಹೇಳಿದೆ: 36 ವೋಲ್ಟ್, 13.4 ಆಂಪಿಯರ್ ಅವರ್. ಗುಣಿಸಿದ್ರೆ 482 ವಾಟ್ ಅವರ್. ವಿಮಾನದಲ್ಲಿ ಪ್ರಯಾಣಿಕರು ತರೋ ಲಿಥಿಯಂ ಬ್ಯಾಟರಿ 100 ದಾಟಿದ್ರೆ ಏರ್‌ಲೈನ್ ಒಪ್ಪಿಗೆ ಬೇಕು, 160 ದಾಟಿದ್ರೆ ಹತ್ತಿಸೋದೇ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದ್ರು. 'ಸರಿ, ಬ್ಯಾಟರಿ ಅಲ್ಲೇ ಬಿಡು, ಸೈಕಲ್ ತಗೊಂಡ್ಬಾ. ಪೆಟ್ರೋಲ್ ಮುಗಿದ ಲೂನಾನ ಚನ್ನರಾಯಪಟ್ಟಣದಿಂದ ತುಳ್ಕೊಂಡು ಬಂದೋನು ಕಣೋ ನಾನು.'